ಕಡತ ತೋರಿಸಿದ ಕಾಳಗದ ಕಣ

ಈ ಸಲದ ಯುಗಾದಿ ಕೂಟದಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಎದುರು ಸಾಲಿನ ಮಿತ್ರರೊಬ್ಬರು, "ಏನ್ರೀ, ನಿಮ್ಮ ಹುಡುಗನಿಗೆ ನಿಧಿ ಸಿಕ್ಕಿತಂತೆ, ಹೇಳಲೇ ಇಲ್ಲವಲ್ಲ!" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದರು. ಹೋಳಿಗೆ ಬಡಿಸುತ್ತಿದ್ದ ನಮ್ಮ ಸಂಪಾದಕರು ಅಲ್ಲೇ ನಿಂತು, "ಹಾಗಾದರೆ ಮುಂದಿನ ಸಂಚಿಕೆಗೆ ನಿಮ್ಮದೊಂದು ಲೇಖನ" ಎಂದು ತೀರ್ಪು ಕೊಟ್ಟೇಬಿಟ್ಟರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಸಿಕ್ಕಿದ ನಿಧಿಯ ವಿವರವನ್ನು ಮೊದಲೇ ಹೇಳಿಬಿಡುತ್ತೇನೆ. ಸವೆದುಹೋದ ಮೂರು ತಾಮ್ರದ ಅರ್ಧ ಪೆನ್ನಿಗಳು, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ ಒಂದು, ಮತ್ತು ಬಟ್ಟೆಯ ಗಂಟಿಗೆ ಹಾಕುತ್ತಿದ್ದ ಸೀಸದ ಮುದ್ರೆ ಒಂದು. ಇಷ್ಟೆಲ್ಲವನ್ನೂ ಮಾರಿದರೆ ಅಂದಿನ ಹೋಳಿಗೆಯ ಬೇಳೆಗೂ ಸಾಲದು. ಆದರೆ ಅದು ಸಿಕ್ಕಿದ ದಾರಿ ಮಾತ್ರ ನಮ್ಮ ಸದಸ್ಯ ಬಾಂಧವರಿಗೆ, ಅದರಲ್ಲೂ ಊರಿನಲ್ಲಿ ಹೊಲ ಮನೆ ಇರುವವರಿಗೆ, ತಿಳಿಸತಕ್ಕದ್ದೇ ಎಂದು ನನ್ನ ಭಾವನೆ.

ಎರಡು ವರ್ಷದ ಹಿಂದೆ ಹುಡುಗನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಒಂದು ಲೋಹಶೋಧಕ ಯಂತ್ರವನ್ನು, ಅಂದರೆ ಮೆಟಲ್ ಡಿಟೆಕ್ಟರನ್ನು, ಉಡುಗೊರೆಯಾಗಿ ತಂದುಕೊಟ್ಟರು. ಉದ್ದನೆಯ ಕೋಲು, ಅದರ ತುದಿಯಲ್ಲಿ ತಟ್ಟೆಯಂಥ ಒಂದು ಸುರುಳಿ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲೂ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಯಂತ್ರ ಕುಂಯ್ ಎನ್ನುತ್ತದೆ. ಒಂದು ನಾಣ್ಯವನ್ನು ಸುಮಾರು ಗೇಣುದ್ದ ಆಳದವರೆಗೆ ಅದು ಗುರುತಿಸಬಲ್ಲುದು. ಮೊದಲನೆಯ ಬೇಸಿಗೆಯೆಲ್ಲ ಪರಿಚಯದ ರೈತರೊಬ್ಬರ ಹೊಲದಲ್ಲಿ ಅಪ್ಪ ಮಗ ಅಲೆದೆವು. ಕೋಕಾ ಕೋಲಾ ಡಬ್ಬಿಯ ಕಿವಿಗಳು, ತೋಟಾ ಕೋವಿಯ ಹಿತ್ತಾಳೆ ತಳಗಳು, ಟ್ರಾಕ್ಟರಿನ ಬೋಲ್ಟುಗಳು ಒಂದು ಬಕೆಟ್ ತುಂಬಾ ಆದವು. "ಗುಜರಿ ಅಂಗಡಿ ಇಡುವುದಾದರೆ ಮೊದಲೇ ಹೇಳಿ" ಎಂದಳು ನನ್ನ ಮನೆಯಾಕೆ.

ಆಗ ಈ ಹವ್ಯಾಸದಲ್ಲಿ ಪಳಗಿದ ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು. ಯಂತ್ರ ಲೋಹ ಇದೆ ಎಂದಷ್ಟೇ ಹೇಳುತ್ತದೆ, ಎಲ್ಲಿ ನಿಲ್ಲಬೇಕು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಹಳೆಯ ಕಾಗದ. ಒಂದು ಚಳಿಗಾಲ ದಾಖಲೆ ಕಚೇರಿಯಲ್ಲಿ ಕುಳಿತು ಓದಿ, ಆಮೇಲೆ ಹೊಲಕ್ಕೆ ಹೋಗಿ ಎಂದರು. ಹಾಗೆ ನಾವು ಲೆಸ್ಟರಿನ ಪಕ್ಕದ ವಿಗ್‌ಸ್ಟನ್‌ನಲ್ಲಿರುವ ಜಿಲ್ಲಾ ದಾಖಲೆ ಕಚೇರಿಯ ಮೆಟ್ಟಿಲು ಹತ್ತಿದೆವು.

ಈ ದೇಶದ ಹಳ್ಳಿಗಳ ಕಾಗದಪತ್ರಗಳನ್ನು ಕಂಡರೆ ನಮ್ಮ ಶ್ಯಾನುಭೋಗರ ನೆನಪಾಗದೆ ಇರದು. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಪುಸ್ತಕದಲ್ಲಿ ಯಾವ ಊರಲ್ಲಿ ಎಷ್ಟು ನೇಗಿಲು, ಎಷ್ಟು ಗಿರಣಿ ಎಂಬ ಲೆಕ್ಕವಿದೆ. ಚರ್ಚಿಗೆ ಬೆಳೆಯ ಹತ್ತನೆಯ ಒಂದು ಪಾಲು ಕೊಡುವ ಪದ್ಧತಿಯನ್ನು ಹಣದ ರೂಪಕ್ಕೆ ತಂದ 1836ರ ಕಾಯಿದೆಯ ನಂತರ, ಅದಕ್ಕಾಗಿ ಊರೂರಿನ ನಕ್ಷೆ ಬರೆಸಿದರು. ಇವು ಟೈದ್ ನಕ್ಷೆಗಳು. ಪ್ರತಿ ಹೊಲಕ್ಕೂ ಒಂದು ನಂಬರು. ಜೊತೆಗಿರುವ ಪಟ್ಟಿಯಲ್ಲಿ ಹೊಲದ ಹೆಸರು, ಒಡೆಯ, ಉಳುವವನು, ಬೆಳೆ. ನಮ್ಮ ಸರ್ವೆ ನಂಬರು ಮತ್ತು ಪಹಣಿಯ ಹಾಗೆಯೇ ಎನ್ನಿ. ಲೆಸ್ಟರ್‌ಷೈರಿನಂಥ ಮಧ್ಯದೇಶದಲ್ಲಿ ಅನೇಕ ಊರುಗಳ ಬಯಲು ಹೊಲಗಳಿಗೆ ಅದಕ್ಕೂ ಮೊದಲೇ ಬೇಲಿ ಬಿದ್ದು, ಆಗಲೇ ಈ ಪಾಲಿನ ಲೆಕ್ಕವೂ ಚುಕ್ತಾ ಆಗಿಹೋದ್ದರಿಂದ, ಅಂಥ ಕಡೆ ಬೇಲಿ ಹಾಕಿದಾಗಿನ ತೀರ್ಪು ಪತ್ರ ಮತ್ತು ನಕ್ಷೆಗಳನ್ನು ನೋಡಬೇಕು. ಆಮೇಲೆ ಸರ್ಕಾರಿ ಸರ್ವೆಯವರ ಆರಂಗುಲದ ನಕ್ಷೆ, ಇಪ್ಪತ್ತೈದಂಗುಲದ ನಕ್ಷೆ. ಇವುಗಳ ಹಳೆಯ ಪ್ರತಿಗಳನ್ನು ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಈಗ ಯಾರು ಬೇಕಾದರೂ ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡುವಂತೆ ಮಾಡಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಲದ ಹೆಸರು. ಚೆಸ್ಟರ್ ಎಂದಿದ್ದರೆ ರೋಮನರ ದಂಡು ಬಿಟ್ಟ ಜಾಗವಿರಬಹುದು. ಚಾಪೆಲ್ ಎಂದಿದ್ದರೆ ಈಗ ಇಲ್ಲದ ಗುಡಿ. ಬ್ಲ್ಯಾಕ್‌ಲ್ಯಾಂಡ್ಸ್ ಎಂದಿದ್ದರೆ ಹಿಂದೆ ಜನವಸತಿಯಿದ್ದು ಒಲೆಯ ಬೂದಿ, ಕಸ ಬಿದ್ದು ಕಪ್ಪಾದ ಮಣ್ಣು. ನಮ್ಮಲ್ಲಿ ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳಿಲ್ಲವೆ? ಅವು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂದು ಪುರಾತತ್ತ್ವಜ್ಞರು ತೋರಿಸುವುದಕ್ಕೆ ಎಷ್ಟೋ ಕಾಲ ಮೊದಲೇ ಊರವರು ಅವನ್ನು ಬೂದಿ ಎಂದೇ ಕರೆದಿದ್ದರು.

ಹೊಲದ ಹೆಸರೊಂದು ಒಂದು ಯುದ್ಧಭೂಮಿಯನ್ನೇ ಹುಡುಕಿಕೊಟ್ಟ ಕಥೆ ನಾವಿರುವ ಲೆಸ್ಟರ್‌ಷೈರಿನದೇ. ನಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಆಂಬಿಯನ್ ಗುಡ್ಡಕ್ಕೆ ವನಭೋಜನಕ್ಕೆ ಹೋಗಿದ್ದೀರಿ. 1485ರ ಆಗಸ್ಟ್ 22ರಂದು ಮೂರನೆಯ ರಿಚರ್ಡನಿಗೂ ಹೆನ್ರಿ ಟ್ಯೂಡರನಿಗೂ ನಡೆದ ಬಾಸ್‌ವರ್ತ್ ಕಾಳಗ ಇಲ್ಲಿಯದು. ರಿಚರ್ಡ್ ಅಲ್ಲಿ ಮಡಿದ. ರಣರಂಗದಲ್ಲಿ ಪ್ರಾಣಬಿಟ್ಟ ಕೊನೆಯ ಇಂಗ್ಲಿಷ್ ದೊರೆ ಅವನೇ. ಹೆನ್ರಿ ಏಳನೆಯ ಹೆನ್ರಿಯಾಗಿ ಪಟ್ಟವೇರಿದ, ಟ್ಯೂಡರ್ ವಂಶ ಪ್ರಾರಂಭವಾಯಿತು. ಇಷ್ಟನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಕಾಳಗ ನಿಜವಾಗಿ ಎಲ್ಲಿ ನಡೆಯಿತು ಎಂಬುದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ತಪ್ಪಾಗಿಯೇ ಉಳಿದಿತ್ತು.

ತಪ್ಪು ಆದದ್ದು ಹೀಗೆ. ಯುದ್ಧವಾದಾಗ ಜನ ಅದನ್ನು ಬಾಸ್‌ವರ್ತ್ ಎಂದು ಕರೆಯಲಿಲ್ಲ. ಸುದ್ದಿ ಯಾರ್ಕ್ ನಗರಕ್ಕೆ ಮುಟ್ಟಿದಾಗ ಅಲ್ಲಿಯ ನಗರಸಭೆಯವರು ತಮ್ಮ ಪುಸ್ತಕದಲ್ಲಿ ರೆಡ್‌ಮೋರ್ ಬಯಲು ಎಂದು ಬರೆದುಕೊಂಡರು. ರೆಡ್‌ಮೋರ್ ಎಂದರೆ ಜೊಂಡು ಬೆಳೆದ ಜೌಗು ನೆಲ. ಮುಂದೆ ಹತ್ತಿರದ ಸಂತೆ ಊರಾದ ಮಾರ್ಕೆಟ್ ಬಾಸ್‌ವರ್ತ್‌ನ ಹೆಸರೇ ಕಾಳಗಕ್ಕೂ ಅಂಟಿಕೊಂಡಿತು. ಜೌಗಿನ ನೀರು ಬಸಿದುಹೋಗಿ ಉಳುವ ನೆಲವಾಯಿತು, ರೆಡ್‌ಮೋರ್ ಎಂಬ ಹೆಸರು ಜನರ ಬಾಯಿಂದ ಅಳಿಸಿಹೋಯಿತು. ಹೀಗಿರಲಾಗಿ 1788ರಲ್ಲಿ ವಿಲಿಯಂ ಹಟನ್ ಎಂಬಾತ ಈ ಕಾಳಗದ ಮೇಲೆ ಒಂದು ಪುಸ್ತಕ ಬರೆದು, ಆಂಬಿಯನ್ ಗುಡ್ಡವನ್ನೇ ಅದರ ಕೇಂದ್ರವಾಗಿ ಮಾಡಿದ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡರು, ನಕ್ಷೆಗಳಲ್ಲೂ ಬಂತು. 1970ರ ದಶಕದಲ್ಲಿ ಗುಡ್ಡದ ಮೇಲೆ ಪ್ರವಾಸಿಗಳಿಗಾಗಿ ಕೇಂದ್ರವೂ ಎದ್ದಿತು.

1985ರಲ್ಲಿ, ಯುದ್ಧದ ಐನೂರನೆಯ ವರ್ಷದಲ್ಲೇ, ಇತಿಹಾಸಕಾರ ಕಾಲಿನ್ ರಿಚ್‌ಮಂಡ್ ಈ ಜಾಗದ ಬಗ್ಗೆ ಅನುಮಾನವೆತ್ತಿದರು. ಅವರ ಕೈಯಲ್ಲಿದ್ದ ಆಧಾರ 1511ರ ಒಂದು ಕಾಗದ. ಡ್ಯಾಡ್ಲಿಂಗ್ಟನ್ ಎಂಬ ಹಳ್ಳಿಯ ಸೇಂಟ್ ಜೇಮ್ಸ್ ಗುಡಿಗೆ, ಕಾಳಗದಲ್ಲಿ ಸತ್ತವರ ಆತ್ಮಶಾಂತಿಯ ಪ್ರಾರ್ಥನೆಗಾಗಿ ವಂತಿಗೆ ಎತ್ತಲು ಕೊಟ್ಟ ಪತ್ರ ಅದು. ಗುಡಿ ನಿಂತಿರುವುದು ಕಾಳಗ ನಡೆದ ನೆಲದಲ್ಲೇ ಎಂಬ ಅರ್ಥ ಅದರಲ್ಲಿತ್ತು. ಹೆಣಗಳನ್ನು ಗುಡ್ಡದಿಂದ ದೂರದ ಡ್ಯಾಡ್ಲಿಂಗ್ಟನ್‌ಗೆ ಏಕೆ ಹೊತ್ತು ತರುತ್ತಾರೆ? ಐದು ವರ್ಷದ ನಂತರ, 1990ರಲ್ಲಿ, ಪೀಟರ್ ಫಾಸ್ ಎಂಬ ಸ್ಥಳೀಯ ಇತಿಹಾಸಕಾರರು ರೆಡ್‌ಮೋರ್ ಎಂಬ ಹೆಸರಿನ ಬೆನ್ನು ಹತ್ತಿ ಒಂದು ಪುಸ್ತಕ ಬರೆದರು. ಹದಿಮೂರನೆಯ ಶತಮಾನದ ಒಂದು ಜಮೀನು ಪತ್ರದಲ್ಲಿ ಈ ಹೆಸರು ಸಿಕ್ಕಿತ್ತು. ಯಾರೋ ಒಂದು ಮಠಕ್ಕೆ ಬಿಟ್ಟುಕೊಟ್ಟ ಚೂರು ಹುಲ್ಲುಗಾವಲಿನ ಪತ್ರ ಅದು. ಹುಲ್ಲುಗಾವಲು ಡ್ಯಾಡ್ಲಿಂಗ್ಟನ್ ಹೊಲಗಳೊಳಗಿನ ರೆಡ್‌ಮೋರ್‌ನಲ್ಲಿದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಬರೆದ ಗುಮಾಸ್ತನಿಗೆ ಯುದ್ಧದ ಗೊಡವೆ ಇರಲಿಲ್ಲ, ಯುದ್ಧ ಆಗುವುದು ಎರಡು ಶತಮಾನ ಮುಂದೆ. ಚೆಕ್ಕುಬಂದಿ ಸರಿಯಾಗಿರಲಿ ಎಂದು ಬರೆದ, ಅಷ್ಟೆ.

ಆದರೂ ಕಾಗದ ಒಂದನ್ನೇ ನಂಬಿ ತೀರ್ಮಾನ ಮಾಡುವಂತಿರಲಿಲ್ಲ. 2005ರಿಂದ ಗ್ಲೆನ್ ಫೋರ್ಡ್ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ, ಲಾಟರಿ ನಿಧಿಯ ಧನಸಹಾಯದಿಂದ, ಯುದ್ಧಭೂಮಿಗಳ ಟ್ರಸ್ಟಿನವರು ಕ್ರಮಬದ್ಧವಾದ ಶೋಧನೆ ನಡೆಸಿದರು. ಮೊದಲು ಹಳೆಯ ಕಡತಗಳಿಂದ 1485ರಲ್ಲಿ ಆ ಊರುಗಳ ನೆಲ ಹೇಗಿತ್ತು, ಎಲ್ಲಿ ಉಳುಮೆ, ಎಲ್ಲಿ ಹುಲ್ಲು, ಎಲ್ಲಿ ಜೌಗು ಎಂಬ ನಕ್ಷೆಯನ್ನು ಮತ್ತೆ ಬರೆದರು. ಯುದ್ಧದ ವರದಿಗಳಲ್ಲಿ ಜೌಗಿನ ಪ್ರಸ್ತಾಪವಿರುವುದರಿಂದ ಮಣ್ಣಿನ ಮಾದರಿ ತೆಗೆದು, ಅದರಲ್ಲಿಯ ಹೂಧೂಳಿಯನ್ನು ಪರೀಕ್ಷಿಸಿ, ಯಾವ ಜೌಗು ಆ ಕಾಲದಲ್ಲಿ ನಿಜವಾಗಿ ಇತ್ತು ಎಂದು ನೋಡಿದರು. ಆಮೇಲೆಯೇ ಲೋಹಶೋಧಕ ಯಂತ್ರಗಳು ಹೊಲಕ್ಕೆ ಇಳಿದದ್ದು. ಅನುಭವಿಗಳಾದ ಹವ್ಯಾಸಿಗಳು ಸಾಲು ಹಿಡಿದು ನಡೆದರು. ಸಿಕ್ಕಿದ ಪ್ರತಿ ಚೂರಿನ ಜಾಗವನ್ನೂ ಅಳತೆಯೊಡನೆ ಗುರುತು ಮಾಡಿಕೊಂಡರು. ವರ್ಷಗಟ್ಟಲೆ ಕಾಳಗದ್ದು ಎನ್ನುವಂಥದು ಏನೂ ಸಿಗಲಿಲ್ಲ.

2009ರಲ್ಲಿ, ಯೋಜನೆ ಮುಗಿಯುವ ಹೊತ್ತಿಗೆ, ಮೊದಲ ಸೀಸದ ಗುಂಡು ಸಿಕ್ಕಿತು. ನಂತರ ಒಂದರ ಹಿಂದೊಂದು. ಕೈಬಂದೂಕಿನವು ಕೆಲವು, ಫಿರಂಗಿಯವು ಕೆಲವು, ಒಟ್ಟು ಮೂವತ್ತಕ್ಕೂ ಹೆಚ್ಚು. ಸಿಕ್ಕಿದ್ದು ಆಂಬಿಯನ್ ಗುಡ್ಡದಲ್ಲಲ್ಲ. ಅದರ ನೈಋತ್ಯಕ್ಕೆ ಸುಮಾರು ಮೂರು ಕಿಲೋಮೀಟರು ದೂರದಲ್ಲಿ, ಫೆನ್ ಲೇನ್ ಎಂಬ ಹಳೆಯ ರೋಮನ್ ರಸ್ತೆಯ ಎರಡೂ ಪಕ್ಕಗಳಲ್ಲಿ. ಫೆನ್ ಎಂದರೂ ಜೌಗೇ! ಆ ಬಯಲಿನ ಒಂದು ಹಳೆಯ ಜೌಗಿನ ಅಂಚಿನಲ್ಲಿ ಬೆಳ್ಳಿಗೆ ಚಿನ್ನದ ನೀರು ಕುಡಿಸಿದ ಪುಟ್ಟ ಹಂದಿಯ ಬಿಲ್ಲೆಯೊಂದು ಸಿಕ್ಕಿತು. ಬಿಳಿ ಕಾಡುಹಂದಿ ರಿಚರ್ಡನ ಲಾಂಛನ. ಬೆಳ್ಳಿಯ ಬಿಲ್ಲೆ ಧರಿಸುವವನು ಸಾಮಾನ್ಯ ಸಿಪಾಯಿಯಲ್ಲ. ದೊರೆಯ ಕೊನೆಯ ದಾಳಿಯಲ್ಲಿ ಅವನ ಪಕ್ಕದಲ್ಲೇ ಕುದುರೆ ಓಡಿಸಿದ ಆಪ್ತನೊಬ್ಬನ ಎದೆಯಿಂದ ಅದು ಕಳಚಿ ಬಿದ್ದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. 2010ರ ಫೆಬ್ರವರಿಯಲ್ಲಿ ಹೊಸ ಜಾಗವನ್ನು ಲೋಕಕ್ಕೆ ತಿಳಿಸಿದರು. ಎರಡು ವರ್ಷದ ನಂತರ, 2012ರಲ್ಲಿ, ಲೆಸ್ಟರಿನ ಒಂದು ಕಾರು ನಿಲ್ದಾಣದ ಕೆಳಗೆ ರಿಚರ್ಡನ ಅಸ್ಥಿಯೇ ಸಿಕ್ಕಿದ್ದು ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿಯೂ ಅಗೆಯುವ ಮೊದಲು ಹಳೆಯ ನಕ್ಷೆಗಳಿಂದ ಕಳೆದುಹೋದ ಮಠದ ಜಾಗವನ್ನು ಗೊತ್ತುಮಾಡಿಕೊಂಡಿದ್ದರು.

ಒಂದು ಮಾತನ್ನು ಮಕ್ಕಳು ಗಮನಿಸಬೇಕು. ಆ ಸೀಸದ ಗುಂಡುಗಳನ್ನು ಯಾರೋ ಹಿಂದೆಯೇ ಹೆಕ್ಕಿ ಜೇಬಿಗೆ ಹಾಕಿಕೊಂಡು ಹೋಗಿದ್ದರೆ? ಗುಂಡು ಅವರ ಮನೆಯ ಡಬ್ಬಿಯಲ್ಲಿ ಇರುತ್ತಿತ್ತು, ಯುದ್ಧಭೂಮಿ ಇರುತ್ತಿರಲಿಲ್ಲ. ಗುಂಡಿಗೆ ಬೆಲೆ ಬಂದದ್ದು ಅದು ಬಿದ್ದಿದ್ದ ಜಾಗದಿಂದ. ಈ ಕಾರಣದಿಂದಲೇ ಇಲ್ಲಿಯ ಕಾನೂನು ಬಿಗಿಯಾಗಿದೆ. ಜಮೀನಿನ ಒಡೆಯನ ಒಪ್ಪಿಗೆ ಇಲ್ಲದೆ ಹುಡುಕುವಂತಿಲ್ಲ. ರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿಯಿಲ್ಲದೆ ಯಂತ್ರ ಆಡಿಸುವುದು 1979ರ ಕಾಯಿದೆಯ ಪ್ರಕಾರ ಅಪರಾಧ. 1996ರ ನಿಧಿ ಕಾಯಿದೆಯ ಪ್ರಕಾರ ಮುನ್ನೂರು ವರ್ಷಕ್ಕೆ ಮೇಲ್ಪಟ್ಟ ಚಿನ್ನ ಬೆಳ್ಳಿಯ ಒಡವೆಗಳು, ಒಂದೇ ಕಡೆ ಸಿಕ್ಕಿದ ಎರಡೋ ಹೆಚ್ಚೋ ಚಿನ್ನ ಬೆಳ್ಳಿಯ ನಾಣ್ಯಗಳು ಮುಂತಾದುವನ್ನು ಹದಿನಾಲ್ಕು ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಲೇಬೇಕು. ಮ್ಯೂಸಿಯಂ ಕೊಂಡರೆ ಬರುವ ಬಹುಮಾನವನ್ನು ಸಾಮಾನ್ಯವಾಗಿ ಹುಡುಕಿದವನಿಗೂ ಒಡೆಯನಿಗೂ ಸಮವಾಗಿ ಹಂಚುತ್ತಾರೆ. ನಿಧಿಯಲ್ಲದ ಸಣ್ಣಪುಟ್ಟ ಹಳೆಯ ವಸ್ತುಗಳನ್ನು ದಾಖಲೆ ಮಾಡಿಕೊಳ್ಳಲು 1997ರಿಂದ ಒಂದು ಪ್ರತ್ಯೇಕ ವ್ಯವಸ್ಥೆಯಿದ್ದು, ಜಿಲ್ಲೆಗಳಲ್ಲಿ ಅದಕ್ಕೆಂದೇ ಅಧಿಕಾರಿಗಳಿದ್ದಾರೆ.

ಎರಡು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. 1992ರ ನವೆಂಬರಿನಲ್ಲಿ ಸಫೋಕ್‌ನ ಹಾಕ್ಸ್‌ನ್ ಎಂಬ ಊರಿನಲ್ಲಿ ಎರಿಕ್ ಲಾಸ್ ಎಂಬವರು ರೈತ ಮಿತ್ರರು ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಲು ಯಂತ್ರ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ ಬೆಳ್ಳಿಯ ರಾಶಿ, ಸುಮಾರು 15,000 ನಾಣ್ಯಗಳು. ಅವರು ಪೂರ್ತಿ ಅಗೆಯದೆ ನಿಲ್ಲಿಸಿ ಸುದ್ದಿ ಕೊಟ್ಟರು. ತಜ್ಞರು ಬಂದು, ಯಾವ ವಸ್ತು ಯಾವುದರ ಮೇಲೆ ಹೇಗಿತ್ತು ಎಂದು ಬರೆದುಕೊಂಡು ತೆಗೆದರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇದಕ್ಕೆ ವಿರುದ್ಧವಾಗಿ 2015ರಲ್ಲಿ ಹೆರೆಫರ್ಡ್‌ಷೈರಿನಲ್ಲಿ ಇಬ್ಬರು ವೈಕಿಂಗರ ಕಾಲದ ನಿಧಿಯನ್ನು ಬಚ್ಚಿಟ್ಟು ಮಾರಲು ಹೋದರು. ಸುಮಾರು ಮುನ್ನೂರು ನಾಣ್ಯಗಳಲ್ಲಿ ಕೈಗೆ ಸಿಕ್ಕಿದ್ದು ಮೂವತ್ತು ಚಿಲ್ಲರೆ. ಆಲ್ಫ್ರೆಡ್ ದೊರೆಯ ಕಾಲದ ಇತಿಹಾಸವನ್ನೇ ತಿದ್ದಬಲ್ಲ ನಾಣ್ಯಗಳು ಚದುರಿಹೋದವು, ಅವರಿಗೆ 2019ರಲ್ಲಿ ಜೈಲಾಯಿತು.

ಇನ್ನು ನಮ್ಮ ಪುಟ್ಟ ಸಾಹಸ. ನಮಗೆ ಒಪ್ಪಿಗೆ ಕೊಟ್ಟಿದ್ದ ರೈತರ ಊರಿನ ಬೇಲಿ ತೀರ್ಪಿನ ನಕ್ಷೆಯಲ್ಲಿ, ಚರ್ಚಿನ ಹಿಂದಿನ ಒಂದು ತುಂಡು ನೆಲಕ್ಕೆ ಫೇರ್ ಕ್ಲೋಸ್ ಎಂಬ ಹೆಸರನ್ನು ಹುಡುಗನೇ ಓದಿದ. ಫೇರ್ ಎಂದರೆ ಜಾತ್ರೆ. ಈಗ ಅಲ್ಲಿ ಕುರಿ ಮೇಯುತ್ತವೆ. ಜಾತ್ರೆಯ ಮಾತನ್ನು ಊರಲ್ಲಿ ಯಾರೂ ಕೇಳಿಲ್ಲ. ಹಿಂದಿನ ಬೇಸಿಗೆಯಲ್ಲಿ ನಾವು ಬಕೆಟ್ ತುಂಬಿಸಿಕೊಂಡದ್ದು ಅದಕ್ಕೆ ಎರಡೇ ಹೊಲ ಆಚೆ! ಮೂರು ಶನಿವಾರ ನಡೆದೆವು. ಮೊದಲೇ ಹೇಳಿದ ಐದು ವಸ್ತುಗಳು ಸಿಕ್ಕಿದವು. ದಾಖಲೆ ಮಾಡುವ ಅಧಿಕಾರಿಣಿ ಅರ್ಧ ಪೆನ್ನಿಗಳನ್ನು ನೋಡಿ ನಕ್ಕು ಪಕ್ಕಕ್ಕಿಟ್ಟರು, ಅವು ತೀರ ಈಚಿನವು. ಸೀಸದ ಮುದ್ರೆಯನ್ನು ಮಾತ್ರ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಹದಿನೇಳನೆಯ ಶತಮಾನದ್ದು, ಬಟ್ಟೆಯ ವ್ಯಾಪಾರದ್ದು ಎಂದು ಬರೆದುಕೊಂಡರು. ಎಂದರೆ ಆ ಜಾತ್ರೆಗೆ ಜವಳಿ ವ್ಯಾಪಾರಿಗಳು ಬರುತ್ತಿದ್ದಿರಬೇಕು. ಮನೆಗೆ ಬರುವಾಗ ಕಾರಿನಲ್ಲಿ ಹುಡುಗ ಕೇಳಿದ: "ಅಪ್ಪಾ, ಅಜ್ಜನ ಊರಲ್ಲೂ ಹೊಲಗಳಿಗೆ ಹೆಸರಿದೆಯಾ?"

ಇದೆ. ಹಾಳೂರು ದಿಣ್ಣೆ, ಸಂತೆ ಮಾಳ, ಕಮ್ಮಾರನ ಕುಂಟೆ, ದಂಡಿನ ಹೊಲ. ದಂಡಿನ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ಯಾರ ದಂಡು, ಯಾವಾಗ ಬಂದಿತ್ತು? ಅಂದು ರಾತ್ರಿ ಊರಿಗೆ ಫೋನು ಮಾಡಿ ಅಣ್ಣನನ್ನು ಕೇಳಿದೆ. "ಅದೆಲ್ಲ ಯಾರಿಗೆ ಗೊತ್ತೋ ಮಾರಾಯ, ಈಗ ಎಲ್ಲರೂ ಸರ್ವೆ ನಂಬರೇ ಹೇಳೋದು. ಆ ಕಲ್ಲನ್ನ ನಿಧಿ ಕಳ್ಳರು ಅಮಾವಾಸ್ಯೆ ರಾತ್ರಿ ಕಿತ್ತು ಹಾಕಿ ಎಷ್ಟೋ ವರ್ಷ ಆಯ್ತಲ್ಲ" ಎಂದ. ಕಲ್ಲಿನ ಕೆಳಗೆ ಮಣ್ಣು ಬಿಟ್ಟು ಏನೂ ಇರಲಿಲ್ಲವಂತೆ. ಕೀಳುವಾಗ ಅಕ್ಷರವಿದ್ದ ಭಾಗವೇ ಒಡೆದುಹೋಯಿತು.

ನಮ್ಮ ಅಜ್ಜ ಶ್ಯಾನುಭೋಗರಾಗಿದ್ದವರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋದಾಗ ಸರ್ಕಾರಿ ಲೆಕ್ಕಗಳನ್ನೆಲ್ಲ ಒಪ್ಪಿಸಿದರು. ಆದರೆ ಅವರ ಸ್ವಂತ ಪುಸ್ತಕಗಳು, ಯಾವ ಹೊಲಕ್ಕೆ ಯಾವ ಹೆಸರು, ಏಕೆ ಬಂತು ಎಂದು ಬರೆದಿಟ್ಟವು, ಅಟ್ಟದ ಮೇಲೆ ಒಂದು ಪೆಟ್ಟಿಗೆಯಲ್ಲಿದ್ದವು. ಅಜ್ಜ ತೀರಿದ ಮೇಲೆ ಮನೆ ರಿಪೇರಿಯಲ್ಲಿ ಅವನ್ನು ಅಂಗಡಿಯವನಿಗೆ ತೂಕಕ್ಕೆ ಹಾಕಿದೆವು. ಹಾಕಿದವರಲ್ಲಿ ನಾನೂ ಒಬ್ಬ; ಪೆಟ್ಟಿಗೆಯನ್ನು ಏಣಿಯಿಂದ ಇಳಿಸಿದ್ದೇ ನಾನು. ಆ ಹಾಳೆಗಳಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು ತಿಂದ ನೆನಪೂ ಇದೆ. ವಿಗ್‌ಸ್ಟನ್‌ನ ಕಚೇರಿಯಲ್ಲಿ ಯಾರದೋ ಊರಿನ ಯಾವನೋ ಗುಮಾಸ್ತನ ಕಾಗದವನ್ನು ಮೆತ್ತನೆಯ ದಿಂಬಿನ ಮೇಲಿಟ್ಟು ನನ್ನ ಮುಂದೆ ತಂದಾಗ ಆ ಪೊಟ್ಟಣ ನೆನಪಾಗಿ ತಲೆ ತಗ್ಗಿಸಬೇಕಾಯಿತು.

ಮುಗಿಸುವ ಮುನ್ನ ಸದಸ್ಯರಲ್ಲಿ ಎರಡು ವಿಜ್ಞಾಪನೆ. ಈ ಲೇಖನ ಓದಿ ಯಾರೂ ಯಂತ್ರವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಊರಿಗೆ ಹೊರಡಬೇಡಿ. ನಮ್ಮಲ್ಲೂ ನಿಧಿ ಕಾಯಿದೆ ಇದೆ. ನೆಲದಲ್ಲಿ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು. ಪ್ರಾಚೀನ ನೆಲೆಗಳನ್ನು ಅಗೆಯುವುದು ಇಲಾಖೆಯ ಕೆಲಸ, ನಮ್ಮದಲ್ಲ.

ನಮ್ಮ ಕೈಲಾಗುವುದು ಬೇರೆ ಇದೆ. ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಒಂದು ನೋಟು ಪುಸ್ತಕ ಹಿಡಿದುಕೊಂಡು ಹೋಗಿ. ಹಿರಿಯರನ್ನು ಕೂಡಿಸಿಕೊಂಡು ಹೊಲ, ಕೆರೆ, ಕುಂಟೆ, ದಿಣ್ಣೆಗಳ ಹೆಸರು ಕೇಳಿ ಸರ್ವೆ ನಂಬರಿನ ಎದುರು ಬರೆದುಕೊಳ್ಳಿ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಬಂಡೆಯ ಮೇಲಿನ ಬರಹ ಕಂಡಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಅದರಿಂದ. ಆ ಬರಹ ಕಲ್ಲಿನಲ್ಲಿತ್ತು, ಕಾದುಕೊಂಡಿತ್ತು. ನಮ್ಮ ಹೊಲದ ಹೆಸರುಗಳು ಮುದುಕರ ನಾಲಿಗೆಯ ಮೇಲಿವೆ. ಅವು ಅಷ್ಟು ಕಾಯಲಾರವು.

ಬರೆದುಕೊಂಡು ಬಂದದ್ದನ್ನು ಸಂಪಾದಕರಿಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುವುದಾಗಿ ಅವರು ಒಪ್ಪಿದ್ದಾರೆ. ನನ್ನ ಮೊದಲ ಕಂತು, ಅಣ್ಣನಿಂದ ಫೋನಿನಲ್ಲಿ ಕೇಳಿ ಬರೆದ ಇಪ್ಪತ್ತೊಂದು ಹೆಸರು, ಈಗಾಗಲೇ ಅವರ ಕೈ ಸೇರಿದೆ. ದಂಡಿನ ಹೊಲದ ಎದುರಿಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೇನೆ.